ಬಾಳೆ ಮೀನಿಗೂ ಬಾಳೆಹಣ್ಣಿಗೂ ಏನು ನಂಟು?

ಬಾಳೆ ಮೀನು ಎಂದೊಡನೆ ಮಕ್ಕಳಿಗೆ ಬಾಳೆಹಣ್ಣು ನೆನಪಾಗುವುದು ಸಹಜ. ಆದರೆ ಎರಡಕ್ಕೂ ಯಾವ ನಂಟೂ ಇಲ್ಲ. ಇದು ಮೈಮೇಲೆ ಹುರುಪೆಯಿಲ್ಲದ, ಉದ್ದನೆಯ, ಪಕ್ಕದಿಂದ ಚಪ್ಪಟೆಯಾದ ಸಿಹಿನೀರಿನ ಮೀನು. ಒಂದು ಮೀಟರಿಗೂ ಹೆಚ್ಚು ಬೆಳೆಯಬಲ್ಲದು. ಬಾಯಿಯ ಸೀಳು ಕಣ್ಣಿನ ಹಿಂದಕ್ಕೂ ಚಾಚಿರುತ್ತದೆ. ಎರಡು ಜೊತೆ ಮೀಸೆಗಳಿವೆ. ಬೇರೆ ಮೀನುಗಳನ್ನು ನುಂಗಿ ಬದುಕುತ್ತದೆ. ಸಂಸ್ಕೃತದ ಅಮರಕೋಶದಲ್ಲಿ ಬರುವ 'ಪಾಠೀನ' ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿ ಅದಕ್ಕೆ 'ಸಹಸ್ರದಂಷ್ಟ್ರ' ಎಂಬ ಹೆಸರೂ ಇದೆ. ಸಾವಿರ ಹಲ್ಲಿನದು ಎಂದು ಅರ್ಥ. ಅದರ ದವಡೆಯಲ್ಲಿ ಒತ್ತಾಗಿರುವ ಸಣ್ಣ ಹಲ್ಲುಗಳನ್ನು ಕಂಡವರಿಗೆ ಇದು ಉತ್ಪ್ರೇಕ್ಷೆ ಎನಿಸದು.

ಹಾಗಾದರೆ 'ಬಾಳೆ' ಬಂದುದೆಲ್ಲಿಂದ? ಉತ್ತರ ಸೇಡಂ, ಚಿಂಚೋಳಿಗಳ ಗಡಿಯಾಚೆಯೇ ಇದೆ. ತೆಲುಗಿನಲ್ಲಿ ಈ ಮೀನು 'ವಾಲುಗ', ತಮಿಳಿನಲ್ಲಿ 'ವಾಳೈ', ಮಲಯಾಳದಲ್ಲಿ 'ಆಟ್ಟುವಾಳ'. ಆ ಭಾಷೆಗಳ ಮೊದಲ 'ವ'ಕಾರ ಕನ್ನಡದಲ್ಲಿ 'ಬ' ಆಗುವುದು ಸಾಮಾನ್ಯ. ತಮಿಳಿನ 'ವಾಯ್' ನಮ್ಮಲ್ಲಿ 'ಬಾಯಿ'. ಹಾಗೆಯೇ 'ವಾಳೈ' ನಮ್ಮಲ್ಲಿ 'ಬಾಳೆ'. ಹಣ್ಣಿನ ಹೆಸರಾದರೋ ಹಳಗನ್ನಡದಲ್ಲಿ 'ಬಾೞೆ'. ಮುಂದೆ 'ೞ' ಅಕ್ಷರ ಬಳಕೆ ತಪ್ಪಿ 'ಳ'ದಲ್ಲಿ ಬೆರೆತಾಗ ಎರಡು ಬೇರೆ ಮಾತುಗಳು ಒಂದೇ ರೂಪ ತಾಳಿದವು.

ತಮಿಳುನಾಡಿನ ಕರಾವಳಿಯಲ್ಲಿ ರಿಬ್ಬನ್ನಿನಂತಹ ಬೇರೊಂದು ಕಡಲ ಮೀನನ್ನೂ 'ವಾಳೈ' ಎನ್ನುತ್ತಾರೆ. ಇಂತಹ ಗೊಂದಲ ತಪ್ಪಿಸಲೆಂದೇ ವೈಜ್ಞಾನಿಕ ಹೆಸರು ಬೇಕು. ಬಾಳೆ ಮೀನಿನದು 'ವಲ್ಲಾಗೊ ಅಟ್ಟು'. 1801ರಲ್ಲಿ ಬ್ಲಾಕ್ ಮತ್ತು ಶ್ನೈಡರ್ ಅವರ ಗ್ರಂಥ ಇದನ್ನು ವರ್ಣಿಸಿತು. 'ವಲ್ಲಾಗೊ' ಎಂದರೆ ನಮ್ಮ ನೆರೆಯ ತೆಲುಗಿನ ವಾಲುಗವೇ. 'ಅಟ್ಟು' ಎಂದರೆ ಆಟ್ಟುವಾಳದ 'ಆಟ್ಟು', ಅಂದರೆ ಹೊಳೆಯ ಎಂದು. ಲ್ಯಾಟಿನ್ನಿನಂತೆ ಕಾಣುವ ಹೆಸರಿನೊಳಗೆ ಇರುವುದು ದಕ್ಷಿಣದ ಬೆಸ್ತರ ಮಾತು!

ಹೆಸರು ಉಳಿಯಲು ಮೀನೂ ಉಳಿಯಬೇಕಷ್ಟೆ. ಐ.ಯು.ಸಿ.ಎನ್. ಸಂಸ್ಥೆ ಬಾಳೆ ಮೀನನ್ನು ಅಪಾಯಕ್ಕೆ ಸಿಲುಕಬಲ್ಲ ಜೀವಿಗಳ ಪಟ್ಟಿಗೆ ಸೇರಿಸಿದೆ. ಮಿತಿಮೀರಿ ಹಿಡಿಯುವುದು ಅದಕ್ಕೆ ಮುಖ್ಯ ಕಾರಣ. ಮಳೆಗಾಲದಲ್ಲಿ ಮೊಟ್ಟೆಯಿಡುವ ಈ ಮೀನನ್ನು ಆಗಲೇ ಹಿಡಿದರೆ ಮುಂದಿನ ಪೀಳಿಗೆಯೇ ಇಲ್ಲವಾಗುತ್ತದೆ.

ಚಿತ್ತಾಪುರ, ವಾಡಿ, ಶಹಾಬಾದಿನ ಮಕ್ಕಳು ರಜೆಯಲ್ಲಿ ಒಂದು ಕೆಲಸ ಮಾಡಬಹುದು. ತಂದೆತಾಯಿಯರ ಜೊತೆ ಸಂತೆಗೆ ಹೋಗಿ, ಕಾಗಿಣಾ, ಭೀಮಾ ನದಿಗಳ ಮೀನುಗಳಿಗೆ ಹಿರಿಯ ಬೆಸ್ತರು ಕರೆಯುವ ಹೆಸರುಗಳನ್ನು ಕೇಳಿ ಬರೆದಿಡಲಿ. ಪಕ್ಕದಲ್ಲಿ ಚಿತ್ರವೂ ಇರಲಿ. ಅದು ಭಾಷೆಯ ಪಾಠವೂ ಹೌದು, ಜೀವಶಾಸ್ತ್ರದ ಪಾಠವೂ ಹೌದು.