ಅರ್ತ್ ತಂತಿ ಇದ್ದರೆ ಸಾಲದು

ಹೋಟೆಲಿಗೆ ವಯರಿಂಗ್ ಹಾಕಿಸುವಾಗ ದೀಪ, ಪಂಖ, ಗ್ರೈಂಡರುಗಳ ಲೆಕ್ಕ ಸರಿಯಾಗಿ ನಡೆಯುತ್ತದೆ. ನೆಲಕ್ಕಿಳಿಯುವ ಅರ್ತ್ ತಂತಿಯ ವಿಚಾರ ಕೇಳುವವರು ವಿರಳ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಹಿಟ್ಟು ರುಬ್ಬುವ ನಮ್ಮ ಹುಡುಗರ ಪ್ರಾಣವಾದರೋ ಆ ತಂತಿಯನ್ನೇ ನಂಬಿರುವುದು.

ಗಿರಣಿಯಲ್ಲಿ ದುಡಿದ ಹಿರಿಯರು ಮೋಟರಿನ ಮೈಗೆ ಪಟ್ಟಿ ಬಿಗಿದು ನೆಲಕ್ಕಿಳಿಸಿದ್ದನ್ನು ಕಂಡವರೇ. ಒಳಗಿನ ತಂತಿಯ ಹೊದಿಕೆ ಸವೆದು ಯಂತ್ರದ ಮೈಗೆ ವಿದ್ಯುತ್ತು ತಗಲಿದರೆ ಅದು ಅರ್ತಿನ ದಾರಿಯಲ್ಲಿ ರಭಸದಿಂದ ಹರಿದು ಫ್ಯೂಸನ್ನು ಸುಡಬೇಕು. ದಾರಿ ಎಷ್ಟು ಸಲೀಸು ಎಂಬುದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಅದಕ್ಕೊಂದು ಮಿತಿ ಇಟ್ಟಿರುವುದು ಇದಕ್ಕಾಗಿಯೇ.

ಲೆಕ್ಕ ಸುಲಭ. ನಮ್ಮ ವಿದ್ಯುತ್ತು 230 ವೋಲ್ಟು. ಇಡೀ ದಾರಿಯ ತಡೆ 2 ಓಮ್ ಇದ್ದರೆ 115 ಆಂಪಿಯರ್ ಹರಿದು, 15 ಆಂಪಿಯರಿನ ಫ್ಯೂಸು ಕ್ಷಣದಲ್ಲಿ ಹೋಗುವುದು. 50 ಓಮ್ ಇದ್ದರೆ ಹರಿಯುವುದು 4.6 ಆಂಪಿಯರ್ ಮಾತ್ರ. ಫ್ಯೂಸು ಕದಲದು, ಗ್ರೈಂಡರು ತಿರುಗುತ್ತಲೇ ಇರುವುದು, ಅದರ ಮೈಯಲ್ಲಿ ಸಾವು ಕಾದಿರುವುದು. ಮನುಷ್ಯನ ಮೈಯಲ್ಲಿ 30 ಮಿಲಿಆಂಪಿಯರಿಗೆ ಮೀರಿ ಹರಿದರೆ ಜೀವಕ್ಕೇ ಅಪಾಯ. ತಂತಿ ಇದ್ದೂ ಇಲ್ಲದಂತಾಗುವುದು ಹೀಗೆ.

ಮುಂಬಯಿಯಲ್ಲಿ ಇನ್ನೊಂದು ಮೋಸವುಂಟು. ಮಳೆಗಾಲದಲ್ಲಿ ಅಳೆದರೆ ತೊಯ್ದ ನೆಲ ಒಳ್ಳೆಯ ಅಂಕಿ ಕೊಡುತ್ತದೆ. ನಿಜ ಹೇಳುವುದು ಮೇ ತಿಂಗಳ ಒಣ ನೆಲ. ಸರಬರಾಜುದಾರರು ತಮ್ಮ ಅರ್ತಿಂಗನ್ನು ಎರಡು ವರ್ಷಕ್ಕೊಮ್ಮೆಯಾದರೂ, ಒಣ ಋತುವಿನ ಒಣ ದಿನದಲ್ಲಿ ಪರೀಕ್ಷಿಸಬೇಕೆಂದು 1956ರ ವಿದ್ಯುತ್ ನಿಯಮಗಳು ವಿಧಿಸಿದ್ದು ಸುಮ್ಮನಲ್ಲ. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣವೂ ಬೇಗ ತುಕ್ಕು ಹಿಡಿಯುತ್ತದೆ. ನಳಕ್ಕೆ ಸುತ್ತಿದ ತಂತಿಯನ್ನೂ ನಂಬುವಂತಿಲ್ಲ. ಎಷ್ಟೋ ನಳಗಳು ಈಗ ಪ್ಲಾಸ್ಟಿಕ್ಕಿನವು.

ವಿದ್ಯುತ್ತು ಬೆಸ್ಟ್ ಕೊಡಲಿ, ಟಾಟಾ ಅಥವಾ ಅದಾನಿ ಕೊಡಲಿ, ಮೀಟರಿನಿಂದೀಚಿನ ವಯರಿಂಗಿನ ಹೊಣೆ ಮಾಲಕರದು. ಆದುದರಿಂದ ನಾವು ಒತ್ತಾಯಿಸುವುದು ಇಷ್ಟು: ಲೈಸೆನ್ಸ್ ಪಡೆದವರಿಂದ ಮಳೆಗೆ ಮುನ್ನ ಅರ್ತ್ ಅಳೆಸಿ, ಓಮ್‌ನ ಅಂಕಿಯನ್ನೂ ತಾರೀಕನ್ನೂ ಅಡಿಗೆಮನೆಯ ಗೋಡೆಯಲ್ಲಿ ತೂಗಹಾಕಬೇಕು. 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತು ಕಡಿಯುವ ಸ್ವಿಚ್ಚನ್ನು ಕೂಡಿಸಬೇಕು.

ಕಾರ್ಮಿಕ ಬಂಧುಗಳೂ ಎಚ್ಚರ ವಹಿಸಬೇಕು. ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯಬೇಡಿರಿ, ಫ್ಯೂಸಿಗೆ ದಪ್ಪ ತಂತಿ ಬಿಗಿಯಬೇಡಿರಿ. ಯಂತ್ರ ಮುಟ್ಟಿದಾಗ ಕೈ ಜುಮ್ಮೆಂದರೆ ಅದು ನಗುವ ವಿಷಯವಲ್ಲ. ಕೆಲಸ ನಿಲ್ಲಿಸಿ ಹೇಳಿರಿ. ಹಾಗೆ ಹೇಳಿದವನ ಕೆಲಸಕ್ಕೆ ಕುತ್ತು ಬಂದರೆ ಸಂಘ ಅವನ ಬೆನ್ನಿಗೆ ನಿಲ್ಲಬೇಕು.