ಸೊಂಟದಲ್ಲೊಂದು ಪಿಸ್ತೂಲು ಬೇಕೆ?

2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಸೆರೆಸಿಕ್ಕ ಚಿರತೆ, ಸುಮಾರು ಒಂದು ವಾರದಲ್ಲೇ ಬನ್ನೇರುಘಟ್ಟದ ಪಂಜರದಿಂದ ತಪ್ಪಿಸಿಕೊಂಡಿತ್ತು. ನಮ್ಮ ಶಿವಮೊಗ್ಗ-ಸಾಗರ ರಸ್ತೆಯ ತ್ಯಾವರೆಕೊಪ್ಪದಲ್ಲೂ ಹುಲಿ, ಸಿಂಹಗಳಿವೆ. ಜೊತೆಗೊಂದು ಪಿಸ್ತೂಲು ಇರಬೇಡವೇ ಎಂದು ಮಿತ್ರರೊಬ್ಬರು ಕೇಳುತ್ತಾರೆ.

ಬೇಡವೆಂದೇ ನನ್ನ ಅಭಿಮತ. ಆತ್ಮರಕ್ಷಣೆಗಾಗಿ ಸದ್ಭಾವದಿಂದ ಕೊಂದರೆ ಅಪರಾಧವಲ್ಲವೆಂದು 1972ರ ವನ್ಯಜೀವಿ ಕಾಯ್ದೆಯೇನೋ ಹೇಳುತ್ತದೆ. ಆದರೆ ನೆಗೆಯುವ ಚಿರತೆ ನಾವು ಗುರಿ ಹಿಡಿಯುವವರೆಗೆ ಕಾದೀತೇ? ಗಾಯಗೊಂಡ ಮೃಗ ಇನ್ನಷ್ಟು ಅಪಾಯಕಾರಿ. ಮಲೆನಾಡಿನ ಮನೆಗಳಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳುಂಟು (ಚುನಾವಣೆ ಬಂತೆಂದರೆ ಅವೂ ಠಾಣೆ ಸೇರುತ್ತವೆ!), ಅವುಗಳ ಜಾಗ ತೋಟ, ಪೇಟೆಯಲ್ಲ. ಪ್ರಾಣಿಯನ್ನು ನೋಡಲು ನೆರೆದ ಜನಜಂಗುಳಿಯಲ್ಲಿ ಹತ್ತು ಪಿಸ್ತೂಲುಗಳಿದ್ದರೆ ಗುಂಡು ತಗಲುವುದು ಯಾರಿಗೆ? ಖರ್ಚು ಮಾಡುವುದಾದರೆ ಪಂಜರದ ಚಿಲಕಗಳಿಗೂ, ಅರಿವಳಿಕೆ ಮದ್ದು ಹಾರಿಸಬಲ್ಲ ಪಶುವೈದ್ಯರಿಗೂ ಸರ್ಕಾರ ಖರ್ಚು ಮಾಡಲಿ.