ಟೆನಿಸ್ ಆಡುವ ಮಗಳ ಭುಜನೋವು

ಹೋದ ವಾರ ಬಂದ ಒಂದು ಕಾಗದ ನನ್ನ ಮನಸ್ಸನ್ನು ಬಹಳ ಹೊತ್ತು ಕಾಡಿತು. "ಅಕ್ಕಾ, ನನ್ನ ಮಗಳಿಗೆ 13 ವರ್ಷ. ನಮ್ಮೂರ ಕ್ಲಬ್ಬಿನಲ್ಲಿ ದಿನಾ ಟೆನಿಸ್ ಆಡ್ತಾಳೆ. ಎರಡು ತಿಂಗಳಿಂದ ಬಲಭುಜ ನೋವಂತೆ, ನಮಗೆ ಹೇಳಿರಲೇ ಇಲ್ಲ. ಮೊನ್ನೆ ಜಡೆ ಹಾಕಿಕೊಳ್ಳಲು ಕೈ ಎತ್ತಲಾರದೆ ಅತ್ತಾಗ ಗೊತ್ತಾಯಿತು. ಹೇಳಿದರೆ ಆಟ ಬಿಡಿಸ್ತೀರಿ ಅಂತ ಮುಚ್ಚಿಟ್ಟಿದ್ದಳಂತೆ. ನಮ್ಮತ್ತೆಯವರು ಆಟ ಸಾಕು ಅಂತಾರೆ. ಆಟ ಕಲಿಸುವವರು ಆಡ್ತಾ ಆಡ್ತಾ ಸರಿಹೋಗುತ್ತೆ ಅಂತಾರೆ. ಯಾರ ಮಾತು ಕೇಳಲಿ?"

ಎರಡೂ ಬೇಡ ತಂಗಿ. ಆಟ ಬಿಡಿಸಬೇಡಿ, ನೋವಿನಲ್ಲಿ ಆಡಿಸಲೂ ಬೇಡಿ.

ಆಳವಿಲ್ಲದ ತಟ್ಟೆಯಲ್ಲಿ ಕಿತ್ತಳೆ ಕೂತ ಹಾಗೆ, ತೋಳಿನ ಮೂಳೆಯ ಗುಂಡು ಹೆಗಲಿನ ಗುಳಿಯಲ್ಲಿ ಕೂತಿರುತ್ತದೆ. ಅದಕ್ಕೇ ಕೈ ಎಲ್ಲ ಕಡೆಗೂ ತಿರುಗುತ್ತದೆ. ಗುಂಡು ಜಾರದಂತೆ ಸುತ್ತ ಹಿಡಿದಿರುವುದು 4 ಸಣ್ಣ ಸ್ನಾಯುಗಳು. ತಲೆಯ ಮೇಲಿಂದ ಚೆಂಡು ಹೊಡೆಯುವ ಸರ್ವಿಸ್‌ನಲ್ಲಿ ತೋಳು ಹಿಂದಕ್ಕೆ ಬಾಗಿ, ರಭಸದಿಂದ ಮುಂದೆ ಬರುತ್ತದೆ. ಆಗ ಅದಕ್ಕೆ ಬ್ರೇಕ್ ಹಾಕುವುದು ಭುಜದ ಹಿಂಬದಿಯ ಸ್ನಾಯುಗಳು. ದಿನಾ ಹೀಗೆ ಆಡಿದವರ ಕೈ ಹಿಂದಕ್ಕೆ ಹೆಚ್ಚು, ಒಳಮುಖವಾಗಿ ಕಡಿಮೆ ತಿರುಗುತ್ತದೆ. ಸ್ವಲ್ಪ ವ್ಯತ್ಯಾಸ ಸಹಜ. ಅದು ಹೆಚ್ಚಾಗಿ, ಹಿಂಬದಿಯ ಸ್ನಾಯುಗಳೂ ಸೋತರೆ ನೋವು ಬರುವ ಸಂಭವ ಹೆಚ್ಚು.

ಮಕ್ಕಳಲ್ಲಿ ಇನ್ನೊಂದು ಎಚ್ಚರ ಬೇಕು. ತೋಳಿನ ಮೂಳೆ ಉದ್ದ ಬೆಳೆಯುವುದು ಹೆಚ್ಚಾಗಿ ಭುಜದ ಬಳಿಯ ಎಳೆ ಭಾಗದಿಂದಲೇ. ಅತಿಯಾಗಿ ಹೊಡೆದರೆ ಆ ಭಾಗಕ್ಕೆ ಪೆಟ್ಟಾಗಬಹುದು. ಆದ್ದರಿಂದ ಎಣ್ಣೆ ನೀವಿ, ಮಾತ್ರೆ ನುಂಗಿಸಿ ಅಂಗಳಕ್ಕೆ ಕಳಿಸಬೇಡಿ. ಮೊದಲು ಸರ್ವಿಸ್ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಎಳೆ ಭಾಗಕ್ಕೇ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ವಿಶ್ರಾಂತಿ ಬೇಕಾಗುತ್ತದೆ.

ನೋವಿಲ್ಲದ ಮಕ್ಕಳನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚಾಪೆಯ ಮೇಲೆ ಅಂಗಾತ ಮಲಗಿಸಿ, ತೋಳನ್ನು ಭುಜದ ನೇರಕ್ಕೆ ಪಕ್ಕಕ್ಕೆ ಚಾಚಿಸಿ. ಮೊಣಕೈ ಮಡಿಸಿ ಬೆರಳುಗಳು ಸೂರಿನ ಕಡೆ ಇರಲಿ. ಭುಜ ಮೇಲೇಳದಂತೆ ನೀವು ಮೆಲ್ಲಗೆ ಹಿಡಿದುಕೊಂಡು, ಕೈಯನ್ನು ಕಾಲಿನ ಕಡೆಗೆ ಬಗ್ಗಿಸಲು ಹೇಳಿ. ಎರಡು ಕೈಗಳನ್ನೂ ಹೋಲಿಸಿ ನೋಡಿ. ಬಗ್ಗುವುದರಲ್ಲಿ ಆಡುವ ಕೈ ಇನ್ನೊಂದು ಕೈಗಿಂತ 18 ಡಿಗ್ರಿಗೂ ಹೆಚ್ಚು, ಅಂದರೆ ಗಡಿಯಾರದ ದೊಡ್ಡ ಮುಳ್ಳು 3 ನಿಮಿಷದಲ್ಲಿ ಸರಿಯುವುದಕ್ಕಿಂತ ಹೆಚ್ಚು, ಹಿಂದೆ ಬಿದ್ದರೆ ಫಿಸಿಯೋಥೆರಪಿಯವರನ್ನು ಕೇಳಿ.

ನೋವಿದ್ದವರು ವೈದ್ಯರ ಒಪ್ಪಿಗೆ ಪಡೆದ ಮೇಲೆಯೇ ಈ ವ್ಯಾಯಾಮಗಳನ್ನು ಮಾಡಲಿ:

ಒಂದು: ಆಡುವ ಕೈಯನ್ನು ಎದೆಯ ಮೇಲೆ ಅಡ್ಡ ತಂದು, ಇನ್ನೊಂದು ಕೈಯಿಂದ ಮೆಲ್ಲಗೆ ಎಳೆದು 30 ಸೆಕೆಂಡು ಹಿಡಿಯಬೇಕು. ಹೀಗೆ 3 ಸಲ.

ಎರಡು: ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಕಂಕುಳಲ್ಲಿ ಮಡಿಸಿದ ಟವೆಲ್ ಇಟ್ಟು, ಮೊಣಕೈ ಮಡಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ನಿಧಾನವಾಗಿ ಹಿಂದೆ ತರಬೇಕು. 15 ಸಲದಂತೆ 2 ಸುತ್ತು, ದಿನ ಬಿಟ್ಟು ದಿನ.

ಮೂರು: ಗೋಡೆಗೆ ಅಂಗೈ ಊರಿ ದಂಡೆ ಹೊಡೆದ ಹಾಗೆ 10 ಸಲ. ಇದು ಹೆಗಲ ಮೂಳೆಯನ್ನು ಹಿಡಿದಿರುವ ಸ್ನಾಯುಗಳಿಗೆ.

ಸರ್ವಿಸ್‌ನ ಬಲ ತೋಳಿನದಷ್ಟೇ ಅಲ್ಲ, ಕಾಲು ಸೊಂಟಗಳದ್ದೂ ಹೌದು. ಮೊಣಕಾಲು ಬಗ್ಗಿಸಿ ಹೊಡೆಯುವುದನ್ನು ಕಲಿಸಿದರೆ ಭುಜದ ಭಾರ ಇಳಿಯುತ್ತದೆ. ವಾರದ ಆಟದ ಗಂಟೆಗಳು ಮಗುವಿನ ವಯಸ್ಸನ್ನು ಮೀರದಿರಲಿ: 13ರ ಹುಡುಗಿಗೆ ಹೆಚ್ಚೆಂದರೆ 13 ಗಂಟೆ. ವಾರಕ್ಕೊಂದು ದಿನವಾದರೂ ಪೂರ್ತಿ ಬಿಡುವು ಬೇಕು.

ರಷ್ಯಾದ ಮರಿಯಾ ಶರಪೋವಾ 2008ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಅದೇ ಅಕ್ಟೋಬರಿನಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ತಿಂಗಳುಗಟ್ಟಲೆ ಬಿಡುವು ಪಡೆದು ಮರಳಿದವರು 2012ರಲ್ಲಿ ಫ್ರೆಂಚ್ ಓಪನ್ ಗೆದ್ದರು. ವಿಶ್ರಾಂತಿ ತಗೊಂಡರೆ ಆಟ ಮುಗಿದುಹೋಯಿತು ಅಂತಲ್ಲ ನೋಡಿ.

ತಂಗಿ, ಇವತ್ತು ಮಗಳಿಗೆ ನೀವೇ ಜಡೆ ಹಾಕಿ. ಹಾಕುತ್ತಾ ಒಂದು ಮಾತು ಹೇಳಿ: "ನೋವು ಹೇಳಿದರೆ ಆಟ ಬಿಡಿಸೋದಿಲ್ಲ ಪುಟ್ಟೀ, ಮುಚ್ಚಿಟ್ಟರೇ ಆಟ ಹೋಗೋದು." ಅರ್ಧ ಮದ್ದು ಅದೇ.